ಪಾಲಿಷ್ ಚಕ್ರಕ್ಕೆ ಸಿಕ್ಕ ಹಲ್ಲಿನ ಸೆಟ್ಟು

ಮೂವತ್ತೆಂಟು ವರ್ಷ ಕನ್ನಡಕ ರಿಪೇರಿಯ ಅಂಗಡಿ ನಡೆಸಿದವನು ನಾನು. ಬಸ್ಸಿನ ಚಕ್ರದಡಿ ಸಿಕ್ಕ ಫ್ರೇಮು, ಮಗು ಕಚ್ಚಿ ಕಚ್ಚಿ ಕಬ್ಬಿನ ಸಿಪ್ಪೆ ಮಾಡಿದ ಕಡ್ಡಿ, ಗಂಡಹೆಂಡಿರ ಜಗಳದಲ್ಲಿ ಎರಡು ಹೋಳಾದ ಕನ್ನಡಕ, ಯಾವುದೂ ನನ್ನ ಮೇಜಿನಿಂದ ಹಾಗೆಯೇ ಹಿಂದಿರುಗಿದ್ದಿಲ್ಲ. ಆದ್ದರಿಂದ ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟ ದಿನ ಪಾಲಿಷ್ ಯಂತ್ರ, ಇಕ್ಕುಳ, ಅರ, ಅಂಟಿನ ಕೊಳವೆಗಳನ್ನೆಲ್ಲ ಮನೆಯ ಹಿಂದಿನ ಕೋಣೆಯಲ್ಲಿ ಸೈನ್ಯದಂತೆ ಸಾಲಾಗಿ ನಿಲ್ಲಿಸಿ, ಹೆಂಡತಿಯ ಎದುರು ಎದೆಯುಬ್ಬಿಸಿ ಘೋಷಿಸಿದೆ:

“ಇನ್ಮೇಲೆ ಈ ಮನೆಯ ಒಂದು ಸಾಮಾನೂ ರಿಪೇರಿಗೆ ಅಂತ ಹೊರಗೆ ಹೋಗಲ್ಲ!”

“ಸಂತೋಷ,” ಎಂದಳು. “ಆದ್ರೆ ಚೆನ್ನಾಗಿರೋ ಸಾಮಾನಿಗೆ ಕೈ ಹಾಕ್ಬೇಡಿ.”

ಮೊದಲ ಮಾತು ಮಾತ್ರ ನನ್ನ ಕಿವಿಗೆ ಬಿತ್ತು.

ನನ್ನ ಹೆಂಡತಿ ಇಪ್ಪತ್ತೊಂಬತ್ತು ವರ್ಷ ಚಿಕ್ಕ ಮಕ್ಕಳಿಗೆ ಪಾಠ ಹೇಳಿದವಳು. ‘ಶ’ಕಾರ ‘ಸ’ಕಾರ ತಪ್ಪಿದರೆ ಗಂಡನೆಂದೂ ನೋಡುವವಳಲ್ಲ. ಹನ್ನೊಂದು ವರ್ಷದ ಹಿಂದೆ ಅವಳ ಮೇಲಿನ ಹಲ್ಲುಗಳೆಲ್ಲ ಒಂದರ ಹಿಂದೊಂದು ಅಲುಗಾಡಿ, ಕೊನೆಗೆ ಉಳಿದವನ್ನೂ ಕೀಳಿಸಿ ಸೆಟ್ಟು ಕಟ್ಟಿಸಿಕೊಂಡಿದ್ದಳು. ಅಂದಿನಿಂದ ಆ ಸೆಟ್ಟಿಲ್ಲದ ಅವಳ ಮುಖವನ್ನು ನಾನು ನೋಡಿದ್ದಿಲ್ಲ. ಅದನ್ನು ತೆಗೆಯುವುದು, ತೊಳೆಯುವುದು, ಮುಚ್ಚಳದ ನೀಲಿ ಡಬ್ಬಿಯಲ್ಲಿ ನೆನೆಹಾಕುವುದು ಎಲ್ಲವೂ ಬಾಗಿಲು ಹಾಕಿಕೊಂಡೇ. ನನಗೆ ಅದೊಂದು ಸಣ್ಣ ಬಿಗುಮಾನವಾಗಿ ಕಂಡಿತ್ತೇ ಹೊರತು ಅದರ ಹಿಂದೆ ಏನಿದೆ ಎಂದು ನಾನು ಯೋಚಿಸಿರಲಿಲ್ಲ.

ಇನ್ನೊಬ್ಬರನ್ನು ನೀವು ತಿಳಿದುಕೊಳ್ಳಬೇಕು. ಅವಳ ಅಕ್ಕ. ಇವಳಿಗಿಂತ ಹನ್ನೆರಡು ವರ್ಷ ದೊಡ್ಡವರು. ತಾಯಿ ಬೇಗ ತೀರಿಕೊಂಡಿದ್ದರಿಂದ ಇವಳನ್ನು ಎತ್ತಿ ಆಡಿಸಿ ಬೆಳೆಸಿದವರು. ಊರಿನ ಇನ್ನೊಂದು ತುದಿಯಲ್ಲಿ ಒಬ್ಬ ನರ್ಸಮ್ಮನ ಆರೈಕೆಯಲ್ಲಿದ್ದಾರೆ. ಏಳು ವರ್ಷದಿಂದ ಅವರ ಕಣ್ಣಿಗೆ ಅಕ್ಷರ ಕಾಣುವುದಿಲ್ಲ. ಜೀವನವಿಡೀ ಕಣ್ಣಿಗೆ ಗಾಜು ಕೂರಿಸಿದ ನನ್ನ ಕೈಯಲ್ಲೂ ಆ ಕಣ್ಣಿಗೆ ಏನೂ ಮಾಡಲಾಗಲಿಲ್ಲ. ಪುಸ್ತಕವಿಲ್ಲದೆ ಬದುಕಲಾರದ ಅತ್ತಿಗೆಗೆ ನನ್ನ ಹೆಂಡತಿ ದಿನಾ ಸಂಜೆ ನಾಲ್ಕಕ್ಕೆ ಫೋನಿನಲ್ಲಿ ಅರ್ಧ ಗಂಟೆ ಓದುತ್ತಾಳೆ. ಒಂದು ದಿನವೂ ತಪ್ಪಿಸಿದ್ದಿಲ್ಲ.

ಆ ವಾರ ಅವರು ಓದುತ್ತಿದ್ದದ್ದು ಕಳೆದುಹೋದ ಅಣ್ಣನನ್ನು ಹುಡುಕಿಕೊಂಡು ದೋಣಿಯಲ್ಲಿ ಹೊರಟ ಹೆಣ್ಣೊಬ್ಬಳ ಕಾದಂಬರಿ. ಆರುನೂರು ಪುಟ. ಉಳಿದಿದ್ದು ಐವತ್ತಕ್ಕೂ ಕಡಿಮೆ. ಶುಕ್ರವಾರ ಅತ್ತಿಗೆಗೆ ಹೃದಯದ ಶಸ್ತ್ರಚಿಕಿತ್ಸೆ ಎಂದು ನಿಗದಿಯಾಗಿತ್ತು. ಎಂಬತ್ತರ ವಯಸ್ಸು, ಏನೂ ಹೇಳಲಾಗದು ಎಂದು ವೈದ್ಯರು ಮುಚ್ಚುಮರೆಯಿಲ್ಲದೆ ತಿಳಿಸಿದ್ದರು.

“ಗುರುವಾರದೊಳಗೆ ಮುಗಿಸಿಬಿಡೇ ಪುಟ್ಟಿ,” ಎಂದಿದ್ದರು ಅತ್ತಿಗೆ. “ಆ ಹುಡುಗಿಗೆ ಅವಳ ಅಣ್ಣ ಸಿಕ್ಕಿದ್ನೋ ಇಲ್ವೋ ಅಂತ ಗೊತ್ತಾಗ್ದೆ ನಾನು ಆ ಮೇಜಿನ ಮೇಲೆ ಮಲಗಲ್ಲ.”

ಇದು ಭಾನುವಾರದ ಮಾತು. ಸೋಮವಾರ ಬೆಳಗ್ಗೆ ನನ್ನ ಪರಾಕ್ರಮ ನಡೆಯಿತು.

ಸೋಮವಾರ ಅವಳು ತಲೆಸ್ನಾನ ಮಾಡುವ ದಿನ. ಬಚ್ಚಲ ಬಾಗಿಲು ಹಾಕಿಕೊಂಡರೆ ಅರ್ಧ ಗಂಟೆ ಹೊರಬರುವುದಿಲ್ಲ. ಕೈ ತೊಳೆಯಲು ಹೋದ ನನಗೆ ಹೊರಗಿನ ಬೇಸಿನ್ನಿನ ಮೇಲೆ ನೀಲಿ ಡಬ್ಬಿ ಕಂಡಿತು. ಎಂದೂ ಇಲ್ಲದೆ ಹೊರಗೆ ಮರೆತಿದ್ದಳು. ಮುಚ್ಚಳ ತೆರೆದೆ. ಹನ್ನೊಂದು ವರ್ಷದ ಕಾಫಿ ಟೀ ಕಲೆಗಳು ಹಲ್ಲಿನ ಸಂದುಗಳಲ್ಲಿ ಕಂದಾಗಿ ಕೂತಿದ್ದವು. ನನ್ನ ಕಣ್ಣಿಗೆ ಅದು ಹಲ್ಲಾಗಿ ಕಾಣಲಿಲ್ಲ, ಫ್ರೇಮಾಗಿ ಕಂಡಿತು! ಅದೇ ಜಾತಿಯ ವಸ್ತು, ಅದೇ ಮಂಕು. ಇಂಥ ಎಷ್ಟು ಫ್ರೇಮುಗಳಿಗೆ ನಾನು ಹೊಳಪು ಕೊಟ್ಟಿಲ್ಲ? ಎರಡೇ ನಿಮಿಷ. ಸ್ನಾನ ಮುಗಿಸಿ ಬಂದವಳು ಕನ್ನಡಿಯಲ್ಲಿ ನೋಡಿಕೊಂಡು ಬೆರಗಾಗಬೇಕು!

ಹಿಂದಿನ ಕೋಣೆಗೆ ಹೋಗಿ ಯಂತ್ರ ಶುರು ಮಾಡಿದೆ. ಬಟ್ಟೆಯ ಚಕ್ರ ಗಿರ್ರನೆ ತಿರುಗಿತು. ಮೊದಲ ನಾಲ್ಕು ಹಲ್ಲು ಮುತ್ತಿನಂತೆ ಬೆಳಗಿದವು. ಐದನೆಯದಕ್ಕೆ ಹೊರಳಿಸುತ್ತಿದ್ದಂತೆ ಚಕ್ರದ ಅಂಚು ಸೆಟ್ಟಿನ ತುದಿಯನ್ನು ಕಚ್ಚಿಕೊಂಡಿತು. ನನ್ನ ಬೆರಳಿನಿಂದ ಅದು ಯಾವಾಗ ಹಾರಿತೋ ತಿಳಿಯದು. ಎದುರುಗೋಡೆಗೆ ಟಪ್ಪೆಂದು ಬಡಿದ ಸದ್ದು ಮಾತ್ರ ಕೇಳಿಸಿತು.

ನಡುಮಧ್ಯಕ್ಕೆ ಎರಡು ಹೋಳು. ಎಡಕ್ಕೆ ಏಳು, ಬಲಕ್ಕೆ ಏಳು.

ಆಗ ನಾನು ಬಚ್ಚಲ ಬಾಗಿಲು ತಟ್ಟಿ, “ನೋಡು, ಹೀಗಾಯ್ತು” ಎನ್ನಬೇಕಿತ್ತು. ಮನುಷ್ಯನಾದವನು ಹಾಗೆ ಮಾಡುತ್ತಾನೆ. ಆದರೆ ನಾನು ಕಸುಬುದಾರ! ಒಳಗೆ ನೀರು ಸುರಿಯುವ ಸದ್ದು ಇನ್ನೂ ಬರುತ್ತಿತ್ತು. ಫ್ರೇಮಿನ ಅಂಟು ತೆಗೆದೆ. ಹತ್ತು ಎಣಿಸುವುದರೊಳಗೆ ಕಲ್ಲಾಗುವ ಅಂಟು ಅದು. ಎರಡು ಹೋಳಿಗೂ ಸವರಿ, ಒತ್ತಿ ಹಿಡಿದೆ. ಅಂಟಿದ ಮೇಲೆ ಬೆಳಕಿಗೆ ಹಿಡಿದು ನೋಡಿದರೆ ಎಡಭಾಗ ಒಂದು ಕೂದಲೆಳೆಯಷ್ಟು ಮುಂದೆ ಬಂದಿತ್ತು. ಕೂದಲೆಳೆ ತಾನೇ ಎಂದುಕೊಂಡು, ತೊಳೆದು, ಡಬ್ಬಿಯಲ್ಲಿಟ್ಟು, ಪೇಪರು ಹಿಡಿದು ಸಂಭಾವಿತನಂತೆ ಕುರ್ಚಿಯಲ್ಲಿ ಕೂತೆ.

ಅವಳು ಟವೆಲಿನಲ್ಲಿ ಮುಖ ಮರೆಸಿಕೊಂಡು ಹೊರಬಂದು, ಡಬ್ಬಿ ಎತ್ತಿಕೊಂಡು ಮತ್ತೆ ಒಳಹೋಗಿ, ಸೆಟ್ಟು ಹಾಕಿಕೊಂಡು ಬಂದು ಕನ್ನಡಿಯ ಮುಂದೆ ನಿಂತಳು.

“ರೀ, ಎಂಥದೋ ವಾಸನೆ ಬರ್ತಿದೆಯಲ್ಲ?”

“ಹೊಸ ಸೋಪಿಂದು.”

“ಬಾಯಲ್ಲಿ ಬರ್ತಿದೆ.”

“ಸೋಪು ಬಾಯಿಗೆ ಹೋಗಿರ್ಬೇಕು.”

ನನ್ನನ್ನು ಒಂದು ಗಳಿಗೆ ನೋಡಿ ಅಡುಗೆಮನೆಗೆ ಹೋದಳು. ಮಧ್ಯಾಹ್ನ ಊಟದಲ್ಲಿ ಎರಡು ತುತ್ತಿಗೇ ತಟ್ಟೆ ಸರಿಸಿದಳು. ಹಸಿವಿಲ್ಲ ಎಂದಳು. ನಾನು ನಂಬಿದೆ; ನಂಬಿದರೆ ನನಗೆ ಅನುಕೂಲವಿತ್ತು.

ನಾಲ್ಕಕ್ಕೆ ಓದು ಶುರುವಾಯಿತು. ನಾನು ಪಕ್ಕದಲ್ಲೇ ಕೂತಿದ್ದೆ. ಮೊದಲ ವಾಕ್ಯದಲ್ಲಿ ‘ಸಮುದ್ರ’ ಎಂಬ ಪದ ಬಂತು. ‘ಸ’ಕಾರದ ಜೊತೆ ಒಂದು ಸಿಳ್ಳೆಯೂ ಬಂತು. ‘ಸಾವಿರ’ಕ್ಕೆ ಇನ್ನೊಂದು. ‘ಸುಸ್ತಾಗಿ’ಗೆ ಎರಡು.

ಫೋನಿನಿಂದ ಅತ್ತಿಗೆಯ ದನಿ ಕೇಳಿಸಿತು: “ಪುಟ್ಟೀ, ಒಲೆ ಮೇಲೆ ಕುಕ್ಕರ್ ಇಟ್ಟಿದ್ದೀಯೇನೇ? ನಾಲ್ಕು ವಿಶಿಲ್ ಆಯ್ತು ನೋಡು, ಆರಿಸಿ ಬಾ.”

ನಾನು ಪೇಪರಿನೊಳಗೆ ಮುಖ ಹುದುಗಿಸಿದೆ. ಅವಳು ಗಂಟಲು ಸರಿಮಾಡಿಕೊಂಡು ಮುಂದುವರಿಸಿದಳು. ಕಥೆಯಲ್ಲಿ ಆ ಹೆಣ್ಣು ಕೊನೆಯ ಬಂದರಿಗೆ ಬಂದು, ಒಂದು ಮನೆಯ ಬಾಗಿಲು ತಟ್ಟಿ ನಿಂತಿದ್ದಳು. “ಬಾಗಿಲು ತೆರೆಯಿತು. ಒಳಗಿನಿಂದ ಬಂದವನು…” ಎಂದು ಓದುತ್ತಿದ್ದಂತೆ ಕಟ್ ಎಂದು ಸಣ್ಣ ಸದ್ದಾಯಿತು. ಅವಳ ಮಾತು ಅಲ್ಲೇ ನಿಂತಿತು. ಕೈ ಬಾಯಿಗೆ ಹೋಯಿತು.

“ಆಮೇಲೆ? ಯಾರೇ ಬಂದವನು? ಪುಟ್ಟೀ?”

“ಅಕ್ಕಾ, ಏವೂ ಇವ್ವ… ಆಮೇವೆ ಮಾವ್ತೀವಿ…”

“ಏನಂದೆ? ಮಾತು ಯಾಕೆ ಹೀಗೆ ಎಳೀತಿದೆ? ಪುಟ್ಟೀ!”

ಗಾಬರಿಯಲ್ಲಿ ಅವಳ ಕೈಯಿಂದ ಫೋನು ಜಾರಿ ನೆಲಕ್ಕೆ ಬಿದ್ದು, ಕಪಾಟಿನ ಅಡಿಗೆ ಹೋಗಿ ಸುಮ್ಮನಾಯಿತು. ಅವಳು ಎದ್ದು ಬಚ್ಚಲಿಗೆ ಓಡಿ ಚಿಲಕ ಹಾಕಿಕೊಂಡಳು. ನಾನು ಹಿಂದೆಯೇ ಹೋಗಿ ಬಾಗಿಲ ಹೊರಗೆ ನಿಂತೆ.

“ಏನಾಯ್ತೇ?” ಎಂದೆ, ಏನೂ ಅರಿಯದವನಂತೆ. ಇದಕ್ಕಿಂತ ಹೇಯವಾದ ಪ್ರಶ್ನೆಯನ್ನು ನಾನು ಜೀವನದಲ್ಲಿ ಕೇಳಿಲ್ಲ.

ಒಳಗಿನಿಂದ ಅಳುವ ಸದ್ದೂ ಇಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. ಬಾಗಿಲಿಗೆ ಕಿವಿಗೊಟ್ಟು, ಬೇಡಿಕೊಂಡು, ಹೆಸರು ಹಿಡಿದು ಕರೆದು, ಹತ್ತು ಹದಿನೈದು ನಿಮಿಷ ಕಳೆದಿರಬೇಕು. ಬೀದಿಯಲ್ಲಿ ಆಂಬುಲೆನ್ಸಿನ ಸದ್ದು ಕೇಳಿತು. ಯಾರ ಮನೆಗೋ ಪಾಪ ಎಂದುಕೊಂಡೆ. ಅದು ನಮ್ಮ ಮನೆಯ ಮುಂದೆಯೇ ನಿಂತಿತು.

ಅತ್ತಿಗೆ ಅಲ್ಲಿ ಏನು ತಿಳಿದುಕೊಂಡರು ಎಂದು ಬಿಡಿಸಿ ಹೇಳಬೇಕಿಲ್ಲ. ಅರವತ್ತೆಂಟರ ತಂಗಿ ಮಾತಾಡುತ್ತಿದ್ದಂತೆ ನಾಲಿಗೆ ತೊದಲಿತು, ಫೋನು ಬಿತ್ತು. ಲಕ್ವ ಹೊಡೆದಿದೆ ಎಂದೇ ತೀರ್ಮಾನಿಸಿ ನರ್ಸಮ್ಮನ ಕೈಲಿ ಕರೆ ಮಾಡಿಸಿದ್ದರು. ನನ್ನ ಮೊಬೈಲಿಗೂ ಒಂಬತ್ತು ಸಲ ಮಾಡಿದ್ದರಂತೆ. ಅದು ಹಿಂದಿನ ಕೋಣೆಯಲ್ಲಿ ಪಾಲಿಷ್ ಯಂತ್ರದ ಪಕ್ಕದಲ್ಲಿತ್ತು.

ದಪ್ಪ ಚೀಲ ಹಿಡಿದ ಒಬ್ಬ ಹೆಂಗಸು ಮೆಟ್ಟಿಲು ಹತ್ತಿ ಬಂದರು. ಹಿಂದೆ ಸ್ಟ್ರೆಚರ್ ಹಿಡಿದ ಡ್ರೈವರು.

“ಪೇಷಂಟ್ ಎಲ್ಲಿ?”

“ಬಾತ್‌ರೂಮಲ್ಲಿ. ಆದ್ರೆ ಪೇಷಂಟ್ ಅಲ್ಲ.”

“ಒಳಗೆ ಬಿದ್ದಿದ್ದಾರಾ? ಚಿಲಕ ಹಾಕಿದ್ಯಾ? ಬಾಗಿಲು ಒಡೀರಿ!”

ಡ್ರೈವರು ಭುಜ ಕೊಡುವ ಹೊತ್ತಿಗೆ ಚಿಲಕ ಸರಿಯಿತು. ಟವೆಲನ್ನು ಬಾಯಿಗೆ ಒತ್ತಿಕೊಂಡು ಅವಳು ಹೊರಬಂದಳು. ಆ ಹೆಂಗಸು ಅವಳನ್ನು ಕುರ್ಚಿಯಲ್ಲಿ ಕೂರಿಸಿ, ತಮ್ಮ ಕೆಲಸ ಶುರು ಮಾಡಿದರು. ಲಕ್ವ ಹೊಡೆದಿದೆಯೇ ಎಂದು ತಿಳಿಯಲು ಮೂರು ಪರೀಕ್ಷೆಗಳಂತೆ.

“ಅಮ್ಮಾ, ಒಂದ್ಸಲ ಚೆನ್ನಾಗಿ ನಗಿ.”

ಅವಳು ತಲೆಯಾಡಿಸಿದಳು. ಟವೆಲು ಇನ್ನೂ ಬಿಗಿಯಾಯಿತು.

“ನಗೋಕ್ಕಾಗ್ತಿಲ್ಲ,” ಎಂದು ಆ ಹೆಂಗಸು ಡ್ರೈವರಿಗೆ ಹೇಳಿದರು. “ಎರಡೂ ಕೈ ಮೇಲೆತ್ತಿ.”

ಒಂದು ಕೈ ಮೇಲೆದ್ದಿತು. ಇನ್ನೊಂದು ಟವೆಲು ಬಿಡಲಿಲ್ಲ.

“ಎಡಗೈ ಎತ್ತುತ್ತಿಲ್ಲ. ಅಮ್ಮಾ, ಯಾವುದಾದ್ರೂ ಒಂದು ಮಾತು ಪೂರ್ತಿಯಾಗಿ ಹೇಳಿ.”

ಅವಳು ನನ್ನ ಕಡೆ ನೋಡಿ, ಟವೆಲಿನೊಳಗಿಂದಲೇ, “ಇವೆವ್ವಾ ಇವವ ಕೆವಸ” ಎಂದಳು.

ಮೂರರಲ್ಲಿ ಮೂರೂ ನಪಾಸು! ಡ್ರೈವರು ಸ್ಟ್ರೆಚರ್ ಬಿಚ್ಚಿದ. ಆ ಹೆಂಗಸು ಮಾತ್ರೆಗಳ ಪಟ್ಟಿ ಕೊಡಿ, ಎಷ್ಟು ಗಂಟೆಗೆ ಶುರುವಾಯ್ತು ಹೇಳಿ ಎಂದು ನನ್ನನ್ನು ಅವಸರಿಸಿದರು. “ಇದೆಲ್ಲಾ ಇವರ ಕೆಲಸ” ಎಂದು ಅವಳು ಅಂದದ್ದು ಅವರಿಗೆ ಅರ್ಥವಾಗಿರಲಿಲ್ಲ. ಆ ಕೋಣೆಯಲ್ಲಿ ಅರ್ಥವಾದವನು ನಾನೊಬ್ಬನೇ.

“ಲಕ್ವ ಅಲ್ಲ,” ಎಂದೆ. “ಹಲ್ಲಿನ ಸೆಟ್ಟು. ಬೆಳಗ್ಗೆ ನಾನು ಅದನ್ನ ಯಂತ್ರಕ್ಕೆ ಕೊಟ್ಟು ಒಡೆದೆ. ಹೇಳದೆ ಅಂಟು ಹಾಕಿ ಇಟ್ಟೆ. ಈಗ ಅವಳ ಬಾಯಲ್ಲೇ ಮುರೀತು.”

ಡ್ರೈವರು ಕೆಮ್ಮಿದ. ಅದು ಕೆಮ್ಮಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಆ ಹೆಂಗಸು ನಗಲಿಲ್ಲ. ಅವಳ ಮುಂದೆ ಮಂಡಿಯೂರಿ ಕೂತು, ತಗ್ಗಿದ ದನಿಯಲ್ಲಿ, “ಆದ್ರೂ ನಾನು ಒಂದ್ಸಲ ನೋಡ್ಲೇಬೇಕಮ್ಮ. ನೋಡ್ದೆ ಹೋದ್ರೆ ನಂಗೆ ನಿದ್ದೆ ಬರಲ್ಲ,” ಎಂದರು.

ಅವಳು ಬೆರಳು ತೋರಿಸಿ ಡ್ರೈವರನ್ನು ಆಚೆ ತಿರುಗಿಸಿದಳು. ಅದೇ ಬೆರಳು ನನ್ನ ಕಡೆಗೂ ಬಂತು.

ನನ್ನ ಮನೆಯಲ್ಲಿ ನಾನು ಗೋಡೆಗೆ ಮುಖ ಮಾಡಿ ನಿಂತೆ. ಪಕ್ಕದಲ್ಲಿ ಡ್ರೈವರು. ಇಬ್ಬರೂ ಶಿಕ್ಷೆಗೆ ನಿಲ್ಲಿಸಿದ ಹುಡುಗರ ಹಾಗೆ. ಹಿಂದಿನಿಂದ ಆ ಹೆಂಗಸಿನ ಮಾತು ಕೇಳಿಸಿತು:

“ಆಹಾ, ನಗು ಎರಡೂ ಕಡೆ ಸಮವಾಗಿದೆ. ಎಷ್ಟು ಚೆನ್ನಾಗಿ ನಗ್ತೀರಮ್ಮ ನೀವು.”

ನಲವತ್ತೈದು ವರ್ಷ ಜೊತೆಗೆ ಬಾಳಿದವನು ಗೋಡೆ ನೋಡುತ್ತಿದ್ದೆ; ಐದು ನಿಮಿಷದ ಹಿಂದೆ ಬಂದವರು ಅವಳ ನಗು ನೋಡುತ್ತಿದ್ದರು. ಅಂಟು ಹಾಕುವಾಗ ಆಗದಿದ್ದ ನಾಚಿಕೆ ಆಗ ಆಯಿತು.

ಡ್ರೈವರು ಹೋಗುವ ಮುಂಚೆ ಕೋಲು ಹಾಕಿ ಕಪಾಟಿನಡಿಯಿಂದ ಫೋನು ಎಳೆದುಕೊಟ್ಟ. ಆ ಹೆಂಗಸೇ ಅತ್ತಿಗೆಗೆ ಕರೆ ಮಾಡಿ ಲಕ್ವವಲ್ಲ ಎಂದು ತಿಳಿಸಿದರು; ಅತ್ತಿಗೆ ಮೊದಲು ಅತ್ತರು. ಆಮೇಲೆ ವಿಷಯ ತಿಳಿದು ಫೋನನ್ನು ನನಗೆ ಕೊಡಲು ಹೇಳಿದರು. ನಾನು ಫೋನು ಹಿಡಿದೆ.

“ಶುಕ್ರವಾರದವರೆಗೆ ನನ್ನ ಎದೆ ಒಡೀಬಾರದು ಅಂತ ಡಾಕ್ಟ್ರು ಹೇಳಿದಾರೆ. ನಿಮ್ಗೆ ಯಾರೂ ಹೇಳ್ಲಿಲ್ವಾ?” ಎಂದರು. ಅಷ್ಟೇ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮರುದಿನ ಬೆಳಗ್ಗೆ ಹಲ್ಲಿನ ಡಾಕ್ಟರ ಹತ್ತಿರ ಹೋದೆವು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮಾತು ಕಡಿಮೆ. ಎರಡು ಹೋಳುಗಳನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಅಂಟು ಹಾಕಿದ್ದು ಯಾರು?”

ನಾನು ಕೈಯೆತ್ತಿದೆ.

“ಹಾಗೇ ತಂದಿದ್ರೆ ಸಂಜೆಯೊಳಗೆ ಜೋಡಿಸಿ ಕೊಡ್ತಿದ್ದೆ. ಈಗ ಅಂಚೆಲ್ಲ ಅಂಟು ತಿಂದು ಒಂದಕ್ಕೊಂದು ಕೂರಲ್ಲ. ಆ ಅಂಟಿನ ಗಂಟು ತಗುಲಿ ಒಸಡಿಗೂ ಗಾಯ ಆಗಿದೆ. ಇದು ಇನ್ನು ಆಗಲ್ಲ, ಹೊಸದೇ ಆಗ್ಬೇಕು. ಅಳತೆ, ಮೇಣದ ಅಚ್ಚು, ಕಚ್ಚಿಸಿ ನೋಡೋದು… ಮೂರು ನಾಲ್ಕು ವಾರ ಹಿಡಿಯುತ್ತೆ.”

ಶುಕ್ರವಾರಕ್ಕೆ ಉಳಿದದ್ದು ಮೂರು ದಿನ. ನನ್ನ ಹೆಂಡತಿ ಕರವಸ್ತ್ರದ ಹಿಂದೆ ಕಣ್ಣು ಮುಚ್ಚಿದಳು.

“ಇದು ಹೇಗೂ ಬಹಳ ದಿನ ಬರ್ತಿರ್ಲಿಲ್ಲ,” ಎಂದರು ಡಾಕ್ಟರು, ಅವಳ ಒಸಡಿನ ಮೇಲೆ ಬೆರಳಾಡಿಸುತ್ತ. “ಹಲ್ಲು ಹೋದ ಮೇಲೆ ದವಡೆ ವರ್ಷ ವರ್ಷ ಸವೀತಾ ಹೋಗುತ್ತೆ. ಸೆಟ್ಟು ಸಡಿಲ ಆಗಿ ವರ್ಷಗಳೇ ಆಗಿರ್ಬೇಕು. ತೋರಿಸೋಕೆ ಯಾಕೆ ಬರ್ಲಿಲ್ಲ? ಗಟ್ಟಿಯಾಗಿರೋದು ಏನು ತಿಂತೀರಿ?”

“ಅವಳಿಗೆ ಗಟ್ಟಿ ಪದಾರ್ಥ ಮೊದಲಿಂದಲೂ ಸೇರಲ್ಲ,” ಎಂದು ನಾನು ಉತ್ತರ ಕೊಟ್ಟೆ.

ಅವಳು ಕರವಸ್ತ್ರ ಇಳಿಸದೆ, ಒಂದೊಂದೇ ಅಕ್ಷರವನ್ನು ಕಷ್ಟಪಟ್ಟು ಕೂಡಿಸಿ ಹೇಳಿದಳು. ಅರ್ಥವಾಗುವಷ್ಟು ಸ್ಪಷ್ಟವಾಗಿತ್ತು: “ಮೊದಲಿಂದ ಅಲ್ಲ. ಆರು ವರ್ಷದಿಂದ.”

ಆರು ವರ್ಷ! ದಿನಾ ಬೆಳಗ್ಗೆ ನಾನು ಸೇಬು ಹೆಚ್ಚುತ್ತಿದ್ದೆ. ಬೇಡ, ನೀವೇ ತಿನ್ನಿ ಎನ್ನುತ್ತಿದ್ದಳು. ಎಷ್ಟು ಪ್ರೀತಿ ಇವಳಿಗೆ ನನ್ನ ಮೇಲೆ ಎಂದುಕೊಂಡು ಅವಳ ಪಾಲನ್ನೂ ಕರುಂಕುರುಂ ಎಂದು ತಿಂದು ಮುಗಿಸುತ್ತಿದ್ದೆ. ಅವಳ ಎದುರಿಗೇ. ನನ್ನ ಕಸುಬೇ ಜನರ ಮುಖ ನೋಡುವುದು. ಮೂಗಿನ ಮೇಲೆ ಫ್ರೇಮು ಒಂದು ಎಳೆ ಓರೆಯಾದರೂ ಹಿಡಿಯುತ್ತಿದ್ದವನು ನಾನು. ಡಾಕ್ಟರ ಕೋಣೆಯಲ್ಲಿ ನನಗೆ ತಲೆಯೆತ್ತಲಾಗಲಿಲ್ಲ.

ಆ ಸಂಜೆ ಪ್ರಾಯಶ್ಚಿತ್ತವೆಂದು ಪುಸ್ತಕ ನಾನು ತೆಗೆದುಕೊಂಡೆ. “ಅತ್ತಿಗೆ, ಇವತ್ತು ನಾನು ಓದ್ತೀನಿ” ಎಂದು ಶುರು ಮಾಡಿದೆ. ಎರಡು ಪುಟ ಆಗಿರಬಹುದು.

“ನಿಲ್ಲಿಸಿ ಮಾರಾಯ್ರೆ,” ಎಂದರು. “ಲೆನ್ಸಿನ ನಂಬರ್ ಓದಿದ ಹಾಗೆ ಓದ್ತೀರಲ್ಲ! ನಿಮ್ಮ ಬಾಯಲ್ಲಿ ಸಮುದ್ರಾನೂ ಬಕೆಟ್ಟಿನ ನೀರಾಗುತ್ತೆ. ಪುಟ್ಟಿಗೆ ಕೊಡಿ.”

ಅವಳು ಬೇಡವೆಂದು ಕೈಯಾಡಿಸಿದಳು. ಅದು ಅತ್ತಿಗೆಗೆ ಕಾಣುವಂತಿರಲಿಲ್ಲ, ಆದರೂ ತಿಳಿಯಿತು.

“ಪುಟ್ಟೀ, ಕೇಳು. ಆರು ವರ್ಷದವಳಿದ್ದಾಗ ನಿನ್ನ ಮುಂದಿನ ಹಲ್ಲು ನಾಲ್ಕೂ ಒಟ್ಟಿಗೆ ಬಿದ್ದಿದ್ವು. ನೀನು ಏನು ಹೇಳ್ತೀಯ ಅಂತ ಮನೇಲಿ ಒಬ್ರಿಗೂ ಅರ್ಥ ಆಗ್ತಿರ್ಲಿಲ್ಲ. ಅಪ್ಪನೂ ನನ್ನ ಕರೆದು ಕೇಳ್ತಿದ್ರು, ಏನಂತೆ ಇವಳಿಗೆ ಅಂತ. ನಾನೇ ಬಿಡಿಸಿ ಹೇಳ್ತಿದ್ದೆ. ಆ ಭಾಷೆ ನಾನು ಮರೆತಿಲ್ಲ ಕಣೇ. ಓದು.”

ಅವಳು ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು, ಕುರ್ಚಿಯನ್ನು ಕಿಟಕಿಯ ಕಡೆಗೆ, ನನಗೆ ಬೆನ್ನು ಬರುವಂತೆ ತಿರುಗಿಸಿಕೊಂಡು ಓದತೊಡಗಿದಳು. ನನಗೆ ಮೂರು ಮಾತಿಗೊಂದು ತಿಳಿಯುತ್ತಿತ್ತು. ಅತ್ತಿಗೆ ಅತ್ತ ಕಡೆಯಿಂದ ಹ್ಞೂಂ, ಹ್ಞೂಂ ಎನ್ನುತ್ತಿದ್ದರು. ಒಂದು ಕಡೆಯೂ “ಏನಂದೆ?” ಎನ್ನಲಿಲ್ಲ. ಬುಧವಾರವೂ ಹಾಗೆಯೇ ಒಂದು ಗಂಟೆ. ಒಸಡಿನ ಗಾಯ ಉರಿಯುತ್ತಿದ್ದದ್ದು ನಡುನಡುವೆ ಅವಳು ನೀರು ಮುಕ್ಕಳಿಸುವಾಗ ಭುಜ ಬಿಗಿಯುವುದರಲ್ಲಿ ತಿಳಿಯುತ್ತಿತ್ತು. ನಾನು ಉಗುರುಬೆಚ್ಚಗಿನ ಉಪ್ಪುನೀರಿನ ಲೋಟ ಹಿಡಿದು ನಿಂತಿರುತ್ತಿದ್ದೆ. ಅದೊಂದೇ ನನ್ನಿಂದಾದ ರಿಪೇರಿ.

ಗುರುವಾರ ಕೊನೆಯ ಪುಟ ಬಂತು. ಬಾಗಿಲು ತೆರೆದು ಬಂದು, ಅಷ್ಟು ಪುಟ ತಾನು ಯಾರೆಂದು ಬಿಟ್ಟುಕೊಡದಿದ್ದವನು ಆ ಹೆಣ್ಣಿನ ಅಣ್ಣನೇ ಆಗಿದ್ದ. ಓದಿ ಮುಗಿಸಿ ಪುಸ್ತಕ ಮುಚ್ಚಿದವಳು, ಸಂತೋಷಕ್ಕೋ ದುಃಖಕ್ಕೋ, ಮರೆತು ನನ್ನ ಕಡೆಗೆ ತಿರುಗಿಬಿಟ್ಟಳು. ಕರವಸ್ತ್ರವಿರಲಿಲ್ಲ. ಮೇಲ್ತುಟಿ ಒಳಗೆ ಸರಿದು, ಕೆನ್ನೆ ಇಳಿದು, ಹತ್ತು ವರ್ಷ ಹೆಚ್ಚು ಮುದುಕಿಯಾದ ಮುಖ. ಕಣ್ಣು ತುಂಬಿತ್ತು. ನಾನು ಮುಖ ತಿರುಗಿಸಲಿಲ್ಲ. ಅವಳೂ ತಿರುಗಿಸಲಿಲ್ಲ.

ಫೋನಿನ ಆ ಕಡೆ ಅತ್ತಿಗೆ ಉಸಿರುಬಿಟ್ಟು, “ಸರಿ ಬಿಡು. ನಾಳೆ ಬೇಕಾದ್ದು ಕೊಯ್ಕೊಳ್ಳಲಿ,” ಎಂದರು.

ಶುಕ್ರವಾರ ಐದು ಗಂಟೆಯ ಕಾಲ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೆವು. ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತು. ಮೂರನೇ ದಿನ ಎಚ್ಚರವಾಗಿ ಮಾತಾಡುವಂತಾದಾಗ ಅತ್ತಿಗೆ ಕೇಳಿದ ಮೊದಲ ಮಾತು, “ಮುಂದಿನ ಪುಸ್ತಕ ಯಾವುದೇ?”

ನಾಲ್ಕನೇ ವಾರಕ್ಕೆ ಹೊಸ ಸೆಟ್ಟು ಬಂತು. ಡಾಕ್ಟರು ಕೂರಿಸಿ, ಕಚ್ಚಿಸಿ, ಒಂದೆರಡು ಕಡೆ ಉಜ್ಜಿ ಸರಿಮಾಡಿ, ವರ್ಷಕ್ಕೊಮ್ಮೆ ತಪ್ಪದೆ ತೋರಿಸಬೇಕೆಂದು ಕಟ್ಟಪ್ಪಣೆ ಮಾಡಿದರು. ಎದ್ದು ಹೊರಡುವಾಗ ನನ್ನ ಕಡೆ ತಿರುಗಿ, “ನಿಮ್ಮದೂ ಒಂದ್ಸಲ ನೋಡೋಣ ಕೂತ್ಕೊಳ್ಳಿ,” ಎಂದರು.

“ನನಗೇನೂ ಇಲ್ಲ ಡಾಕ್ಟ್ರೇ. ಎಲ್ಲಾ ಗಟ್ಟಿ.”

“ಎರಡು ವರ್ಷದಿಂದ ಬಲಗಡೆ ಒಂದರಲ್ಲೇ ಅಗೀತಾರೆ,” ಎಂದಳು ನನ್ನ ಹೆಂಡತಿ. “ತಣ್ಣೀರು ಕುಡಿಯುವಾಗ ಎಡಗಣ್ಣು ಮುಚ್ಚಿಕೊಳ್ತಾರೆ. ಅವರಾಗೇ ಹೇಳ್ಲಿ ಅಂತ ಕಾಯ್ತಿದ್ದೆ.”

ನಾನು ಅದನ್ನು ಯಾರಿಗೂ ಹೇಳಿರಲಿಲ್ಲ. ಡ್ರಿಲ್ಲಿನ ಸದ್ದಿಗೆ ಹೆದರಿ ನನಗೆ ನಾನೇ ಸರಿಯಾಗಿ ಒಪ್ಪಿಕೊಂಡಿರಲಿಲ್ಲ. ಕುರ್ಚಿ ಏರಿದೆ. ಎಡಗಡೆಯ ದವಡೆಹಲ್ಲೊಂದು ಬೇರಿನವರೆಗೆ ಟೊಳ್ಳಾಗಿತ್ತು. ಬೇರು ಶುದ್ಧ ಮಾಡಿ, ತುಂಬಿ, ಮೇಲೆ ಟೋಪಿ ಕೂರಿಸಿದರೆ ಉಳಿಯುತ್ತದೆ, ಇವತ್ತೇ ಶುರು ಮಾಡೋಣ ಎಂದರು. ಸೂಜಿ ಚುಚ್ಚಿದರು. ಕೆನ್ನೆ ಮರಗಟ್ಟಿತು. ಬಾಯಿ ಅಗಲಿಸಿ, ಹತ್ತಿ ತುರುಕಿ, ಎಂಜಲು ಎಳೆಯುವ ಕೊಳವೆ ಸಿಕ್ಕಿಸಿ, ಏನನ್ನೋ ಬಿಗಿದು, “ಇನ್ನು ಒಂದಕ್ಷರ ಮಾತಾಡೋ ಹಾಗಿಲ್ಲ” ಎಂದರು.

ಹೊರಗೆ ಹೋಗಲಿದ್ದ ನನ್ನ ಹೆಂಡತಿ ಬಾಗಿಲಲ್ಲಿ ನಿಂತಳು.

“ಎಷ್ಟು ಹೊತ್ತು ಮಾತಾಡೋ ಹಾಗಿಲ್ಲ ಡಾಕ್ಟ್ರೇ?”

“ನಲವತ್ತು ನಿಮಿಷ ಅಮ್ಮ. ಯಾಕೆ, ಇವರಿಗೆ ಏನಾದ್ರೂ ಹೇಳೋದಿದ್ಯಾ?”

ಅವಳು ಒಂದು ಸ್ಟೂಲು ಎಳೆದು ನನ್ನ ತಲೆಯ ಪಕ್ಕಕ್ಕೆ ಹಾಕಿಕೊಂಡು ಕೂತಳು. ಹೊಸ ಹಲ್ಲು ಅಷ್ಟನ್ನೂ ತೋರಿಸಿ ನನ್ನನ್ನು ನೋಡಿ ನಕ್ಕಳು.

“ನಲವತ್ತು ನಿಮಿಷ ಎಲ್ಲಿಗೂ ಸಾಲಲ್ಲ,” ಎಂದಳು. “ಇರ್ಲಿ, ಶುರು ಮಾಡಿರ್ತೀನಿ.”